ಕತ್ತಲಲ್ಲಿ ಮೂರು ಹಸಿರು ಕಣ್ಣು!

ಪರದೆಯ ಮೇಲೆ ಹೀರೋ ಕತ್ತಲಲ್ಲಿ ಹಾರಿಸಿದ ಗುಂಡು ಎಂದಾದರೂ ಗುರಿ ತಪ್ಪಿದ್ದುಂಟೇ? ಆದರೆ ನಿಜವಾದ ಕತ್ತಲಲ್ಲಿ, ನಿಜವಾದ ಪಿಸ್ತೂಲಿನ ಮುಂದೆ ನಾನೇ ನಿಂತಿದ್ದ ಒಂದು ರಾತ್ರಿಯ ಕಥೆ ಇದು!

ಓದುಗ ಮಿತ್ರರೇ, ಮೊದಲು ಒಂದು ಪ್ರಶ್ನೆ. ಬಾಂಡ್ ಶೈಲಿಯ ಚಿತ್ರಗಳಲ್ಲಿ ನಾಯಕ ಕಗ್ಗತ್ತಲಲ್ಲಿ ಪಿಸ್ತೂಲು ಎತ್ತಿ 'ಢಂ' ಅನ್ನಿಸ್ತಾನಲ್ಲ, ಅವನಿಗೆ ಗುರಿ ಕಾಣೋದಾದರೂ ಹೇಗೆ? 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ಸಿ.ಐ.ಡಿ. 999 ಆಗಿ ಅಣ್ಣಾವ್ರು ಪಿಸ್ತೂಲು ಹಿಡಿದಾಗಲೆಲ್ಲ ಗಾಂಧಿಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದವನು ನಾನು. ಆಗ ಈ ಪ್ರಶ್ನೆ ಒಂದು ದಿನವೂ ತಲೆಗೆ ಬರಲಿಲ್ಲ. ಬಂದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ, ಅಕ್ಕನ ಮಗನ ಅಡಿಗೆಮನೆಯಲ್ಲಿ!

ಪರದೆಯ ಪಿಸ್ತೂಲು, ಪರದೆಯ ರಾತ್ರಿ

ಸಿನಿಮಾದಲ್ಲಿ ಪಿಸ್ತೂಲೂ ನಾಟಕ, ರಾತ್ರಿಯೂ ನಾಟಕ. 1963ರ 'ಫ್ರಮ್ ರಷ್ಯಾ ವಿತ್ ಲವ್' ಚಿತ್ರದ ಪ್ರಚಾರಕ್ಕೆ ಶಾನ್ ಕಾನರಿ ಕೊಟ್ಟ ಪೋಸ್ ನೆನಪಿದೆಯೇ? ಕೆನ್ನೆಯ ಪಕ್ಕ ಉದ್ದನೆಯ ಪಿಸ್ತೂಲು! ಆದರೆ ಅದು ಬಾಂಡ್‌ನ ವಾಲ್ತರ್ ಪಿ.ಪಿ.ಕೆ. ಅಲ್ಲವೇ ಅಲ್ಲ. ಫೋಟೋ ತೆಗೆಯೋ ದಿನ ಅದನ್ನು ತರೋದನ್ನೇ ಮರೆತಿದ್ದರು. ಫೋಟೋಗ್ರಾಫರ್ ಡೇವಿಡ್ ಹರ್ನ್ ತಮ್ಮ ಬಳಿ ಇದ್ದ ಗಾಳಿ ಪಿಸ್ತೂಲನ್ನೇ ಕಾನರಿ ಕೈಗೆ ಕೊಟ್ಟರು. ಜಗತ್ತೇ ಅದನ್ನು ಬಾಂಡ್ ಪಿಸ್ತೂಲು ಅಂತ ನಂಬಿತು!

ರಾತ್ರಿಯ ಕಥೆಯೂ ಅಷ್ಟೇ. ಎಷ್ಟೋ ಹಳೆಯ ಚಿತ್ರಗಳ ರಾತ್ರಿ ನಿಜಕ್ಕೂ ಹಗಲೇ. ಕ್ಯಾಮೆರಾಕ್ಕೆ ನೀಲಿ ಫಿಲ್ಟರ್ ಹಾಕಿ, ಬೆಳಕು ತಗ್ಗಿಸಿ ತೆಗೆದ ಹಗಲು. ಫ್ರೆಂಚರು ಈ ತಂತ್ರವನ್ನು 'ಅಮೆರಿಕನ್ ರಾತ್ರಿ' ಅಂತಾರೆ. ತ್ರೂಫೋ 1973ರಲ್ಲಿ ಆ ಹೆಸರಿನ ಚಿತ್ರವನ್ನೇ ತೆಗೆದರು. ಆ ನೀಲಿ ಕತ್ತಲಲ್ಲಿ ಹೀರೋಗೆ ಎಲ್ಲ ಕಾಣುತ್ತೆ. ಖಳನಾಯಕನ ಮೀಸೆಯೂ ಕಾಣುತ್ತೆ!

ಆದರೆ ನಾನು ಕಂಡ ಅಮೆರಿಕದ ರಾತ್ರಿಯಲ್ಲಿ ಫಿಲ್ಟರ್ ಇರಲಿಲ್ಲ ಸ್ವಾಮಿ...

ಅಡಿಗೆಮನೆಯ ಮೇಜಿನ ಮೇಲೆ

ಅಕ್ಕನ ಮಗ ಅಲ್ಲಿಯ ಪ್ರಜೆಯಾಗಿ ಬಹಳ ವರ್ಷವಾಯಿತು. ಹೆಂಡತಿ ನರ್ಸ್, ವಾರದಲ್ಲಿ ಮೂರು ರಾತ್ರಿ ಡ್ಯೂಟಿ. ಅವರ ಬೀದಿಯಲ್ಲಿ ಎರಡು ಮನೆ ಕಳ್ಳತನವಾದ ಮೇಲೆ ಇವನು ಒಂದು ಗ್ಲಾಕ್ 19 ಕೊಂಡಿದ್ದ. ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಮಾಡಿದ ಮೊದಲ ಪಿಸ್ತೂಲು ಗ್ಲಾಕ್ 17. 1982ರಲ್ಲಿ ಅದನ್ನು ಆ ದೇಶದ ಸೈನ್ಯ ಆರಿಸಿಕೊಂಡಿತು. 1988ರಲ್ಲಿ ಬಂದ 19 ಅದರ ಚಿಕ್ಕ ತಮ್ಮ. ನಳಿಗೆ 102 ಮಿ.ಮೀ., ಗುಂಡು 9 ಮಿ.ಮೀ., ಮ್ಯಾಗಜಿನ್‌ನಲ್ಲಿ 15 ಗುಂಡು.

"ಮಾವ, ಇವತ್ತು ಇದಕ್ಕೆ ನೈಟ್ ಸೈಟ್ ಹಾಕ್ತೀನಿ. ನೋಡ್ತೀರಾ?" ಅಂದ. ಬಿಡ್ತೀನಾ ನಾನು!

ಸೈಟ್ ಅಂದ್ರೆ ಗುರಿ ಹಿಡಿಯುವ ಗುರುತು. ಪಿಸ್ತೂಲಿನ ಮೇಲೆ, ತುದಿಯಲ್ಲಿ ಒಂದು ಗೂಟ, ಹಿಂದೆ ಒಂದು ಸೀಳು. ಸೀಳಿನ ಮಧ್ಯೆ ಗೂಟ ಸಮನಾಗಿ ನಿಂತರೆ ಗುಂಡು ಅಲ್ಲಿಗೇ ಹೋಗುತ್ತೆ. ಅವನ ಪಿಸ್ತೂಲಿಗೆ ಕಾರ್ಖಾನೆ ಹಾಕಿ ಕೊಟ್ಟಿದ್ದು ಬಿಳಿ ಬಣ್ಣ ತುಂಬಿದ ಪ್ಲಾಸ್ಟಿಕ್ ಸೈಟು. ಹಗಲಿಗೆ ಸಾಕು. ಕತ್ತಲಾದರೆ ಅದೂ ಕತ್ತಲೇ!

ಹೊಸ ಸೈಟು ಉಕ್ಕಿನದು. ಮುಂದೆ ಒಂದು, ಹಿಂದೆ ಎರಡು ಪುಟ್ಟ ಗಾಜಿನ ಕೊಳವೆ ಹುದುಗಿಸಿದ್ದಾರೆ. ಅದರೊಳಗೆ ಟ್ರಿಟಿಯಂ ಎಂಬ ಅನಿಲ. ಅದು ಜಲಜನಕದ್ದೇ ಒಂದು ವಿಕಿರಣಶೀಲ ರೂಪ. ಅದರಿಂದ ಹೊರಡುವ ಕಣಗಳು ಗಾಜಿನ ಒಳಗೋಡೆಗೆ ಬಳಿದ ಪುಡಿಗೆ ಬಡಿದರೆ ಹಸಿರು ಬೆಳಕು. ನಾವು ಗಡಿಯಾರದಲ್ಲಿ, ಸ್ಟಿಕರ್‌ನಲ್ಲಿ 'ರೇಡಿಯಂ' ಅಂತೀವಲ್ಲ, ಆ ಸ್ಟಿಕರ್‌ಗೆ ಮೊದಲು ಬೆಳಕು ಕುಡಿಸಬೇಕು. ಇದಕ್ಕೆ ಬ್ಯಾಟರಿಯೂ ಬೇಡ, ಬೆಳಕೂ ಬೇಡ. ಆ ಕಣಗಳಿಗೆ ನಮ್ಮ ಚರ್ಮ ದಾಟುವ ಶಕ್ತಿಯೂ ಇಲ್ಲ. ಆದರೆ ಸುಮಾರು 12 ವರ್ಷಕ್ಕೆ ಟ್ರಿಟಿಯಂ ಅರ್ಧಕ್ಕೆ ಇಳಿಯುತ್ತೆ, ಹೊಳಪೂ ಮಂಕಾಗುತ್ತೆ. ಹೀರೋಗೆ ವಯಸ್ಸಾದ ಹಾಗೆ!

ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬಂದ. ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು ನಳಿಗೆಯ ಹಿಂಭಾಗ ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿದ. "ಎರಡೆರಡು ಸಲ ಯಾಕೋ?" ಅಂದೆ. "ಗ್ಲಾಕ್ ಬಿಚ್ಚಬೇಕಾದ್ರೆ ಟ್ರಿಗರ್ ಎಳೀಲೇಬೇಕು ಮಾವ. ಒಳಗೆ ಒಂದು ಗುಂಡು ಮರೆತಿದ್ರೆ ಕಥೆ ಮುಗೀತು" ಅಂದ.

ಮುಂದಿನ ಸೈಟು ಸ್ಲೈಡಿನ ಒಳಗಡೆಯಿಂದ ಒಂದೇ ಸಣ್ಣ ಸ್ಕ್ರೂ ಮೇಲೆ ನಿಂತಿದೆ. ಹಳೆಯದು ಬಿಚ್ಚಿ, ಹೊಸದರ ಸ್ಕ್ರೂಗೆ ಹಿಡಿದುಕೊಳ್ಳುವ ನೀಲಿ ಅಂಟು ಒಂದು ಹನಿ ಹಾಕಿ, ಹದವಾಗಿ ತಿರುಗಿಸಿದ. ಜೋರು ಮಾಡಿದರೆ ಸ್ಕ್ರೂ ಮುರಿದೇ ಹೋಗುತ್ತೆ. ಹಿಂದಿನದು ಸ್ಲೈಡಿಗೆ ಅಡ್ಡವಾಗಿ ಕೊರೆದ ಗಾಡಿಯಲ್ಲಿ ಬಿಗಿಯಾಗಿ ಕೂತಿರುತ್ತೆ. "ಸುತ್ತಿಗೆ ತಗೊಂಡು ಎರಡು ಬಿಟ್ರೆ ಆಯ್ತಲ್ಲೋ?" ಅಂದೆ. ಗಾಬರಿಯಾದ. "ಒಳಗೆ ಗಾಜಿದೆ ಮಾವ!" ಅದಕ್ಕೆಂದೇ ಒಂದು ಸಾಧನವಿದೆ. ಸ್ಲೈಡನ್ನು ಅದರಲ್ಲಿ ಹಿಡಿಸಿ, ತಿರುಪು ತಿರುಗಿಸಿದರೆ ಸೈಟು ಕೂದಲೆಳೆಯಷ್ಟೇ ಜರುಗುತ್ತೆ.

ಮಾರನೇ ದಿನ ಗುಂಡು ಹಾರಿಸುವ ರೇಂಜಿಗೆ ಹೋದೆವು. 7 ಮೀಟರ್ ದೂರದ ಕಾಗದದ ಮೇಲೆ ಗುಂಡೆಲ್ಲ ಎಡಕ್ಕೆ 5 ಸೆಂ.ಮೀ. ಸರಿದು ಬಿದ್ದವು. ಹಿಂದಿನ ಸೈಟನ್ನು ಬಲಕ್ಕೆ ಸರಿಸಿದರೆ ಗುಂಡೂ ಬಲಕ್ಕೆ ಹೋಗುತ್ತೆ. ಎಷ್ಟು ಸರಿಸಬೇಕು ಗೊತ್ತೇ? ಸುಮಾರು 1 ಮಿ.ಮೀ.! ಎರಡು ಸೈಟುಗಳ ನಡುವೆ ಇರೋದೇ 15 ಸೆಂ.ಮೀ. ತಾನೇ. ಅಲ್ಲಿಯ ಕೂದಲೆಳೆ ಇಲ್ಲಿ ಗೇಣಾಗುತ್ತೆ. ಸರಿಮಾಡಿ ಹಾರಿಸಿದ. ನಟ್ಟನಡುವೆ ತೂತು!

ರಾತ್ರಿ ದೀಪ ಆರಿಸಿ, ಖಾಲಿ ಪಿಸ್ತೂಲು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಹಿಡಿಸಿದ. ಅಬ್ಬಾ! ಕತ್ತಲಲ್ಲಿ ಮೂರು ಹಸಿರು ಕಣ್ಣು, ಒಂದೇ ಸಾಲಿನಲ್ಲಿ! ಅರವತ್ತು ದಾಟಿದ ನಾನು ಒಂದು ಕ್ಷಣ ಸಿ.ಐ.ಡಿ. 999 ಆಗಿಬಿಟ್ಟೆ.

ಬೆಳಗಿನ ಜಾವ ಮೂರು ಗಂಟೆ

ಅಲ್ಲಿಗೆ ಹೋದವರಿಗೆಲ್ಲ ಗೊತ್ತು, ಮೊದಲ ವಾರ ನಿದ್ದೆ ತಲೆಕೆಳಗು. ಮೂರನೇ ರಾತ್ರಿ ಮೂರು ಗಂಟೆಗೆ ಎಚ್ಚರವಾಯಿತು. ಕಾಫಿ ಬೇಕೆನಿಸಿತು. ಮನೆಯವರ ನಿದ್ದೆ ಕೆಡಿಸೋದು ಬೇಡ ಅಂತ ಲೈಟು ಹಾಕದೆ, ಪಂಚೆ ಎತ್ತಿ ಕಟ್ಟಿ, ತಡಕಾಡುತ್ತ ಅಡಿಗೆಮನೆಗೆ ಹೋದೆ. ಕೈತಗುಲಿ ಸ್ಟೀಲಿನ ಚೊಂಬು ಉರುಳಿತು. ಠಣ್... ಠಣ್... ಠಣ್...

ಆಮೇಲೆ ಏನೂ ಸದ್ದಿಲ್ಲ. ನಾನು ಉಸಿರು ಹಿಡಿದು ನಿಂತೆ. ಹಜಾರದ ಕಡೆಯಿಂದ ಇಂಗ್ಲಿಷಿನಲ್ಲಿ ಗುಡುಗಿದ ಹಾಗೆ ಒಂದು ಮಾತು: ಯಾರದು? ಆ ಗಡಸು ದನಿ ನಮ್ಮ ಹುಡುಗನದು ಅಂತ ನನಗೆ ಹೊಳೆಯಲೇ ಇಲ್ಲ. ನಾಲಿಗೆ ಒಣಗಿ ಮಾತು ಹೊರಡಲಿಲ್ಲ. ಎದುರಿಗೆ ನನಗೆ ಏನೂ ಕಾಣಲಿಲ್ಲ. ಆ ಹಸಿರು ಕಣ್ಣುಗಳು ಹಿಡಿದವನಿಗೆ ಮಾತ್ರ ಕಾಣುವ ಹಾಗೆ ಮಾಡಿರುತ್ತಾರೆ. ಎದುರಿಗಿರೋನಿಗೆ ಬರೀ ಕತ್ತಲು.

ಎಷ್ಟು ಹೊತ್ತೋ! ಕೊನೆಗೆ ಅದೇ ದನಿ, ಈ ಸಲ ನಡುಗುತ್ತ: "...ಮಾವ?"

"ಹ್ಞೂ ಕಣೋ... ಕಾಫಿಪುಡಿ..." ಅಂದೆ.

ಲೈಟು ಬಿತ್ತು. ಅವನ ಕೈಯಲ್ಲಿ ಪಿಸ್ತೂಲು ನೆಲ ನೋಡುತ್ತಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ. ಕುರ್ಚಿಯ ಮೇಲೆ ಕುಸಿದು ಕೂತ. ಬಹಳ ಹೊತ್ತಿನ ಮೇಲೆ ಹೇಳಿದ: "ಮೂರು ಚುಕ್ಕೆನೂ ನಿಮ್ಮ ಎದೆ ಮೇಲೆ ಒಂದೇ ಲೈನಲ್ಲಿ ನಿಂತಿತ್ತು ಮಾವ. ಗುರಿ ಸ್ವಲ್ಪವೂ ತಪ್ಪಿರಲಿಲ್ಲ. ಆದ್ರೆ ನಿಂತಿರೋದು ಯಾರು ಅಂತ ಆ ಚುಕ್ಕೆ ಹೇಳಲಿಲ್ಲ. ಡ್ಯೂಟಿ ಬೇಗ ಮುಗಿಸಿ ಅವಳೇ ಬಂದಿದ್ರೆ?"

ಆ ರಾತ್ರಿ ಕಾಫಿ ಮಾಡಿದೆವು. ಇಬ್ಬರೂ ಕುಡಿಯಲಿಲ್ಲ.

ಮೊದಲು ಬೆಳಕು

ನೋಡಿ, ನೈಟ್ ಸೈಟ್ ಮೋಸವೇನಲ್ಲ. ಮಂದ ಬೆಳಕಿನಲ್ಲಿ ಎದುರಿಗಿರೋನು ಕಾಣ್ತಾನೆ, ಆದರೆ ಕಪ್ಪು ಪಿಸ್ತೂಲಿನ ಕಪ್ಪು ಸೈಟು ಕಾಣಲ್ಲ. ಅಂಥ ಹೊತ್ತಿಗೆ ಅದು ಬೇಕು. ಪಿಸ್ತೂಲು ಎತ್ತ ನೋಡುತ್ತಿದೆ ಅಂತ ಅದು ಹೇಳುತ್ತೆ. ಯಾರನ್ನು ನೋಡುತ್ತಿದೆ ಅಂತ ಹೇಳೋಕೆ ಅದಕ್ಕೆ ಬರಲ್ಲ. ಅಮೆರಿಕದಲ್ಲಿ ಬಂದೂಕು ಕಲಿಸಿದ ಜೆಫ್ ಕೂಪರ್ ಜನಪ್ರಿಯಗೊಳಿಸಿದ ನಾಲ್ಕು ನಿಯಮಗಳಲ್ಲಿ ಕೊನೆಯದು ಇದೇ: ಗುರಿ ಯಾರು, ಏನು ಅಂತ ಖಾತ್ರಿ ಮಾಡಿಕೋ, ಅದರ ಹಿಂದೇನಿದೆ ಅಂತಲೂ ನೋಡಿಕೋ.

ಮರುದಿನವೇ ಹುಡುಗ ಒಳ್ಳೆಯ ಟಾರ್ಚ್ ತಂದು ಹಾಸಿಗೆ ಪಕ್ಕ ಇಟ್ಟ. ಪಿಸ್ತೂಲು ಬೀಗದ ಪೆಟ್ಟಿಗೆ ಸೇರಿತು. ಹಜಾರದಲ್ಲಿ ರಾತ್ರಿಯಿಡೀ ಒಂದು ಪುಟ್ಟ ದೀಪ. ಮನೆಗೆ ಹೊಸ ಕಾನೂನು: ಯಾರೇ ಬರಲಿ, ಮೊದಲು ಲೈಟು ಹಾಕಬೇಕು, ಆಮೇಲೆ ಹೆಸರು ಹೇಳಬೇಕು. ಕಾಫಿಪುಡಿ ನನ್ನ ಕೋಣೆಗೇ ಬಂತು!

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಇದೆ. ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡರೆ ಜೈಲು. 9 ಮಿ.ಮೀ. ಅಂತೂ ಜನಸಾಮಾನ್ಯರಿಗೆ ನಿಷಿದ್ಧ. ಹಾಗಾಗಿ ಈ ಹಸಿರು ಕಣ್ಣು ನಿಮ್ಮ ಕೈಗೆ ಬರೋದು ಕಷ್ಟ. ಬರದಿದ್ದರೆ ನಷ್ಟವೇನೂ ಇಲ್ಲ, ನನ್ನ ಮಾತು ನಂಬಿ.

ಈಗಲೂ ಹೀರೋ ಕತ್ತಲಲ್ಲಿ ಪಿಸ್ತೂಲು ಎತ್ತಿದರೆ ಶಿಳ್ಳೆ ಹೊಡೀತೀನಿ. ಅಭ್ಯಾಸಬಲ! ಆದರೆ ಶಿಳ್ಳೆ ಮುಗಿಯೋ ಮುಂಚೆ ಬಾಯಿಗೆ ಇನ್ನೊಂದು ಮಾತು ಬರುತ್ತೆ...

"ಮೊದಲು ಲೈಟು ಹಾಕಪ್ಪಾ! ಅಲ್ಲಿ ನಿಂತಿರೋದು ನಿಮ್ಮ ಮಾವ ಇರಬಹುದು!"