ಹಳೆಯ ಗಣಕಯಂತ್ರ, ಮೊಬೈಲುಗಳಲ್ಲಿನ ದಾಖಲೆಗಳನ್ನು ನಿರ್ಮೂಲ ಮಾಡುವ ಕ್ರಮ

ಪಹಣಿ, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಸಾಲದ ಪತ್ರ ಮೊದಲಾದವುಗಳ ಪ್ರತಿಗಳನ್ನು ಮೊಬೈಲಿನಲ್ಲಿಯೂ ಗಣಕಯಂತ್ರದಲ್ಲಿಯೂ ಇರಿಸಿಕೊಳ್ಳುವುದು ಈಗ ಗ್ರಾಮಗಳಲ್ಲಿಯೂ ವಾಡಿಕೆಯಾಗಿರುತ್ತದೆ. ಯಂತ್ರವು ಹಳತಾದೊಡನೆ ಅವನ್ನು ಅಳಿಸಿ ಗುಜರಿಗೆ ಮಾರುವವರು ಅನೇಕರುಂಟು. ಗ್ರಾಮದ ಮುಖಂಡರ ಯಂತ್ರದಲ್ಲಿ ಸ್ವಂತದ್ದಲ್ಲದೆ, ನಂಬಿ ಕೊಟ್ಟ ನೆರೆಹೊರೆಯವರ ಕಾಗದಗಳೂ ಇರುವುದರಿಂದ ಈ ವಿಷಯದಲ್ಲಿ ಅಜಾಗ್ರತೆಯು ಸಲ್ಲದು.

ಅಳಿಸಿದ ಮಾತ್ರಕ್ಕೆ ದಾಖಲೆಯು ನಾಶವಾಗುವುದೆಂದು ತಿಳಿಯಕೂಡದು. ಜೇಕಿನ ತಲೆಯನ್ನು ಕೊಯ್ದರೂ ಗಡ್ಡೆಯು ನೆಲದಲ್ಲಿ ಉಳಿಯುವಂತೆ, ಇಲ್ಲಿಯೂ ಸಾಮಾನ್ಯವಾಗಿ ಸೂಚಿಯಲ್ಲಿನ ನಮೂದು ಮಾತ್ರ ಹೋಗಿ, ಮೂಲ ಬರಹವು ಅದರ ಮೇಲೆ ಬೇರೊಂದು ಬರಹ ಬೀಳುವವರೆಗೂ ಇದ್ದೇ ಇರುತ್ತದೆ. ಅಮೆರಿಕಾದಲ್ಲಿ ಗಾರ್ಫಿಂಕೆಲ್, ಶೆಲಾಟ್ ಎಂಬ ಇಬ್ಬರು ಸಂಶೋಧಕರು 158 ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿದರು. 2003ರಲ್ಲಿ ಅವರು ಪ್ರಕಟಿಸಿದಂತೆ, ಸುಸ್ಥಿತಿಯಲ್ಲಿದ್ದ 129ರ ಪೈಕಿ ಸರಿಯಾಗಿ ಶುದ್ಧಿಯಾಗಿದ್ದುವು 12 ಮಾತ್ರ. ಉಳಿದವುಗಳಿಂದ 5,000ಕ್ಕೂ ಮಿಕ್ಕಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ದೊರೆತುವು.

ಆದುದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು.

1. ಬೇಕಾದ ದಾಖಲೆಗಳನ್ನು ಮೊದಲು ಬೇರೆಡೆಗೆ ಪ್ರತಿಮಾಡಿಕೊಳ್ಳಬೇಕು. ಕಾಯಿದೆಯಂತೆ ಕಾಪಾಡಬೇಕಾದ ಸಂಘದ ಲೆಕ್ಕಪತ್ರಗಳನ್ನು ನಾಶಮಾಡಕೂಡದು.

2. ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕಿನ ಸಮಸ್ತ ಭಾಗವನ್ನೂ ತಕ್ಕ ತಂತ್ರಾಂಶದಿಂದ ಒಂದಾವರ್ತಿ ಸೊನ್ನೆಗಳಿಂದ ತುಂಬಿಸಿದರೆ ಸಾಮಾನ್ಯ ವ್ಯವಹಾರಕ್ಕೆ ಸಾಕು. ಕೆಟ್ಟು ನಿಂತ ಡಿಸ್ಕಿನಲ್ಲಿಯೂ ಬರಹವು ಇರುವುದರಿಂದ ಅದರ ತಟ್ಟೆಗಳನ್ನು ಒಡೆಯಿಸಬೇಕು.

3. ಪೆನ್ ಡ್ರೈವ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿಗಳಲ್ಲಿ ಬರಹವು ಚಿಪ್ಪಿನಲ್ಲಿರುತ್ತದೆ. ಚಿಪ್ಪು ಒಂದೇ ಕಡೆ ಸವೆಯದಂತೆ ಯಂತ್ರವು ಬರಹವನ್ನು ಸ್ಥಳ ಬದಲಿಸುತ್ತಿರುವುದರಿಂದ, ಮೇಲೆ ಬರೆದರೂ ಹಳೆಯ ಭಾಗಗಳು ಉಳಿಯಬಹುದು. ಅಯಸ್ಕಾಂತದಿಂದಲೂ ಫಲವಿಲ್ಲ. ಎಸ್‌ಎಸ್‌ಡಿಗೆ ತಯಾರಕರು ಒದಗಿಸಿರುವ ಅಳಿಸುವ ಆಜ್ಞೆಯನ್ನು ನಡೆಸಬೇಕು. ಚಿಕ್ಕವುಗಳ ಚಿಪ್ಪನ್ನು ಪುಡಿಮಾಡುವುದು ಕ್ಷೇಮ.

4. ಮೊಬೈಲಿನಿಂದ ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ತೆಗೆದು, ಖಾತೆಗಳಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಬೇಕು. ಈಚಿನ ಮೊಬೈಲುಗಳಲ್ಲಿ ಬರಹವು ಗೂಢಲಿಪಿಯಲ್ಲಿರುವುದರಿಂದ, ಅದರ ಕೀಲಿಯು ನಾಶವಾದೊಡನೆ ಉಳಿದದ್ದನ್ನು ಓದಲು ಸಾಧ್ಯವಾಗದು.

ಯಾವ ಯಂತ್ರವನ್ನೂ ಬೆಂಕಿಗೆ ಹಾಕಬಾರದು. ಬ್ಯಾಟರಿಯು ಸಿಡಿಯುವುದಲ್ಲದೆ ಹೊಗೆಯೂ ವಿಷಕರ. ಮೊಬೈಲನ್ನು ಸುತ್ತಿಗೆಯಿಂದ ಒಡೆಯುವುದೂ ಇದೇ ಕಾರಣದಿಂದ ಅಪಾಯ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಮೇರೆಗೆ ನೋಂದಾಯಿತ ಸಂಸ್ಕರಣಕಾರರಿಗೆ ಒಪ್ಪಿಸುವುದು ಯೋಗ್ಯ. ಗುಜರಿಯಿಂದ ಬರುವ ಅಲ್ಪ ಹಣಕ್ಕಾಗಿ ಊರಿನವರ ಪತ್ರಗಳು ಪರರ ಕೈಸೇರದಂತೆ ಮುಖಂಡರು ಮೊದಲು ತಮ್ಮ ಮನೆಯಲ್ಲಿಯೇ ಈ ಕ್ರಮವನ್ನು ಆಚರಿಸಿ, ಇತರರಿಗೂ ತಿಳಿಯಹೇಳಬೇಕಾಗಿ ಕೋರಲಾಗಿದೆ.