ಬಳಕೆದಾರರ ದಾಖಲೆ ಮತ್ತು ಸರಳ ಪಠ್ಯಕಡತ

ಒಂದು ಗಣಕಯಂತ್ರವನ್ನು ಅನೇಕರು ಬಳಸುವಲ್ಲಿ, ಯಾರು ಯಾರೆಂಬುದನ್ನು ಯಂತ್ರವು ಎಲ್ಲಿಯಾದರೂ ಬರೆದಿಟ್ಟುಕೊಳ್ಳಲೇಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಿಂದ ರೂಪುಗೊಂಡ ಯೂನಿಕ್ಸ್ ವ್ಯವಸ್ಥೆಯು ಈ ಕಾರ್ಯವನ್ನು ಸಾಮಾನ್ಯ ಪಠ್ಯಕಡತವೊಂದಕ್ಕೇ ಒಪ್ಪಿಸಿತು. ಅದೇ ಮಾದರಿಯ ಕಡತವನ್ನು ಇಂದಿನ ಲಿನಕ್ಸ್ ಯಂತ್ರಗಳಲ್ಲಿಯೂ ಕಾಣಬಹುದು.

ಒಬ್ಬ ಬಳಕೆದಾರನಿಗೆ ಒಂದು ಸಾಲು. ಸಾಲಿಗೆ 7 ಅಂಕಣಗಳು. ಅವುಗಳ ನಡುವೆ ಕೋಲನ್ ಚಿಹ್ನೆ. ಹೆಸರು, ಗುಪ್ತಪದ, ಬಳಕೆದಾರನ ಸಂಖ್ಯೆ, ಗುಂಪಿನ ಸಂಖ್ಯೆ, ವಿವರಣೆ, ಅವನ ಕಡತಗಳಿರುವ ಸ್ಥಳ, ಪ್ರವೇಶದೊಡನೆ ಚಾಲನೆಗೆ ಬರುವ ಕ್ರಮವಿಧಿ - ಇದು ಅನುಕ್ರಮ. (ಐದನೆಯ ಅಂಕಣಕ್ಕೆ ‘ಜೀಕಾಸ್’ ಎಂಬ ಹೆಸರು ಉಳಿದುಬಂದಿದೆ; ಅದು ಜನರಲ್ ಎಲೆಕ್ಟ್ರಿಕ್ ಕಂಪನಿಯ ಹಳೆಯ ವ್ಯವಸ್ಥೆಯೊಂದರ ನೆನಪು.) ಕೋಲನ್ನೇ ಬೇಲಿಯಾದುದರಿಂದ ಯಾವ ಅಂಕಣದೊಳಗೂ ಅದು ಬರುವಂತಿಲ್ಲ.

ಹುಡುಕುವ ಕ್ರಮವೂ ಸರಳ: ಮೊದಲಿನಿಂದ ಒಂದೊಂದೇ ಸಾಲನ್ನು ಓದುತ್ತ ಹೋಗುವುದು. ಆದರೆ ‘ರಾಮ’ ಎಂಬ ಅಕ್ಷರಗಳು ಸಾಲಿನಲ್ಲಿವೆಯೇ ಎಂದಷ್ಟೇ ನೋಡಿದರೆ ರಾಮಪ್ಪನೂ ಶಿವರಾಮನೂ ಬಲೆಗೆ ಬೀಳುವರು. ಆದುದರಿಂದ ಸಾಲನ್ನು ಕೋಲನ್ನಿನಲ್ಲಿ ಒಡೆದು, ಮೊದಲ ಅಂಕಣವನ್ನು ಪೂರ್ಣವಾಗಿ ಹೋಲಿಸಬೇಕು. 1,000 ಸಾಲುಗಳಲ್ಲಿ ಇರುವ ಹೆಸರೊಂದಕ್ಕೆ ಸರಾಸರಿ 500 ಹೋಲಿಕೆಗಳು ಬೇಕು. ಅಕಾರಾದಿಯಾಗಿ ಜೋಡಿಸಿ, ನಡುವಿನಿಂದ ಅರ್ಧರ್ಧವನ್ನು ಕೈಬಿಡುತ್ತ ಹೋದರೆ 10 ಸಾಕು. ಹಾಗೆ ಜೋಡಿಸಿದಲ್ಲಿ ಹೊಸಬನು ಸೇರಿದಾಗಲೆಲ್ಲ ಮುಂದಿನ ಸಾಲುಗಳನ್ನು ಸರಿಸಬೇಕಾಗುವುದು. ಸಾವಿರದ ಕಡತಕ್ಕೆ ಈ ಶ್ರಮ ಅನಾವಶ್ಯಕವೆಂದೇ ನಮ್ಮ ಮತ.

ಹುಡುಕುವುದಕ್ಕಿಂತ ತಿದ್ದುವುದು ಅಪಾಯಕರ. 1960ರ ದಶಕದಲ್ಲಿ ಮೆಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಸಿ.ಟಿ.ಎಸ್.ಎಸ್. ವ್ಯವಸ್ಥೆಯಲ್ಲಿ ಗುಪ್ತಪದಗಳ ಕಡತವನ್ನು ಒಬ್ಬರೂ ದಿನದ ಪ್ರಕಟಣೆಯನ್ನು ಮತ್ತೊಬ್ಬರೂ ಏಕಕಾಲದಲ್ಲಿ ತಿದ್ದುತ್ತಿದ್ದರು. ಇಬ್ಬರ ತಾತ್ಕಾಲಿಕ ಪ್ರತಿಗಳಿಗೂ ಒಂದೇ ಹೆಸರಿದ್ದುದರಿಂದ ಅವು ಅದಲುಬದಲಾಗಿ, ಪ್ರವೇಶಿಸಿದವರೆಲ್ಲರ ಮುಂದೆ ಎಲ್ಲರ ಗುಪ್ತಪದಗಳೂ ಅಚ್ಚಾದವು! ಕಡತಕ್ಕೆ ಮೊದಲು ಬೀಗ ಹಾಕಿ, ಪ್ರತ್ಯೇಕ ಹೆಸರಿನ ಪ್ರತಿಯಲ್ಲಿ ಬರೆದು, ಕೊನೆಗೆ ಒಮ್ಮೆಗೇ ಹೆಸರು ಬದಲಿಸುವುದರಿಂದ ಇಂತಹ ಅನಾಹುತವನ್ನು ತಡೆಯಬಹುದು.

ಇನ್ನೊಂದು ತೊಡಕು ಉಳಿಯುತ್ತದೆ. ಸಂಖ್ಯೆಯಿಂದ ಹೆಸರನ್ನು ತಿಳಿಯಲು ಅನೇಕ ಕ್ರಮವಿಧಿಗಳು ಈ ಕಡತವನ್ನು ಓದುವುದರಿಂದ ಅದು ಎಲ್ಲರಿಗೂ ತೆರೆದೇ ಇರಬೇಕು. ಗುಪ್ತಪದವನ್ನು ಇದ್ದಂತೆಯೇ ಬರೆಯುವ ಮೊದಲಿನ ಪದ್ಧತಿಯನ್ನು ಆದುದರಿಂದ ಕೈಬಿಡಬೇಕಾಯಿತು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ 1979ರ ಲೇಖನದಲ್ಲಿ ವಿವರಿಸಿದ ಉಪಾಯದಂತೆ, ಗುಪ್ತಪದಕ್ಕೆ ‘ಉಪ್ಪು’ ಎಂಬ ಯಾದೃಚ್ಛಿಕ ಅಂಶವನ್ನು ಬೆರೆಸಿ, ಹಿಂದಿರುಗಿಸಲಾಗದ ರೂಪಕ್ಕೆ ತಿರುಗಿಸುವರು. ಒಂದೇ ಪದಕ್ಕೆ 4,096 ರೂಪಗಳು ಸಾಧ್ಯ. ಯಂತ್ರಗಳ ವೇಗ ಹೆಚ್ಚಿದಂತೆ ಇದೂ ಸಾಲದಾಯಿತು. ಆ ರೂಪಗಳನ್ನು ಮೇಲ್ವಿಚಾರಕನು ಮಾತ್ರ ಓದಬಲ್ಲ ‘ಶ್ಯಾಡೋ’ ಕಡತಕ್ಕೆ ಸಾಗಿಸಿದರು. ಮೂಲ ಕಡತದ ಎರಡನೆಯ ಅಂಕಣದಲ್ಲಿ ಈಗ ಸಾಮಾನ್ಯವಾಗಿ ಕಾಣುವುದು ‘ಎಕ್ಸ್’ ಎಂಬ ಒಂದೇ ಅಕ್ಷರ.