ಯಾವ ಊರಿನ ಹತ್ತು ಗಂಟೆ?

‘ಹತ್ತು ಗಂಟೆಗೆ’ ಎಂದು ಹೇಳಿಬಿಟ್ಟರೆ ಮಾತು ಪೂರ್ತಿಯಾಯಿತೆಂದು ನಾವೆಲ್ಲರೂ ನಂಬಿಕೊಂಡಿದ್ದೇವೆ. ವಿಚಾರಿಸಿ ನೋಡಿದರೆ ಅದು ಅರ್ಧ ವಾಕ್ಯ ಮಾತ್ರ. ಯಾವ ಊರಿನ ಹತ್ತು ಗಂಟೆ ಎಂಬ ಮಿಕ್ಕ ಅರ್ಧವನ್ನು ಕೇಳುವ ಪ್ರಸಂಗ ನಮ್ಮ ತಂದೆ ತಾತಂದಿರಿಗೆ ಅಷ್ಟಾಗಿ ಬರಲಿಲ್ಲ. ಇಂದು ಹಳ್ಳಿಯ ಮನೆಯಲ್ಲಿಯೂ ಬರುತ್ತದೆ. ಮಗಳು ಲಂಡನ್ನಿನಲ್ಲಿ, ಅಳಿಯ ದುಬಾಯಿಯಲ್ಲಿ, ಮೊಮ್ಮಗ ಕ್ಯಾಲಿಫೋರ್ನಿಯದಲ್ಲಿ ಇರುವ ಮನೆಯ ಅಜ್ಜಿ, ಕೈಗೆ ಫೋನು ಎತ್ತಿಕೊಳ್ಳುವ ಮುನ್ನ ‘ಈಗ ಅಲ್ಲಿ ಎಷ್ಟು ಹೊತ್ತಪ್ಪ?’ ಎಂದು ಕೇಳುತ್ತಾರೆ. ಖಗೋಳಶಾಸ್ತ್ರದ ಒಂದು ದೊಡ್ಡ ಪ್ರಶ್ನೆಯನ್ನು ತಾನು ಕೇಳುತ್ತಿದ್ದೇನೆಂದು ಆಕೆಗೆ ತಿಳಿಯದು.

ನಾನಿರುವ ಚಿಕ್ಕಯ್ಯನಛತ್ರ ನಂಜನಗೂಡು ತಾಲ್ಲೂಕಿನ ಒಂದು ಹೋಬಳಿ. ಹೆಸರಿನಲ್ಲಿಯೇ ಛತ್ರವಿರುವ ಊರು. ಛತ್ರವೆಂದರೆ ದಾರಿಹೋಕರು ತಂಗುವ ತಾವು. ನಂಜನಗೂಡಿನ ಶ್ರೀಕಂಠೇಶ್ವರನ ತೇರಿಗೋ, ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಗಳ ಸಂಗಮಸ್ನಾನಕ್ಕೋ ಕಾಲ್ನಡಿಗೆಯಲ್ಲಿ, ಎತ್ತಿನ ಗಾಡಿಯಲ್ಲಿ ಹೊರಟ ಹಿಂದಿನವರಿಗೆ ಸೂರ್ಯನೇ ಗಡಿಯಾರ. ‘ಹೊತ್ತು ಮೂಡುವ ಮುಂಚೆ’, ‘ಹೊತ್ತು ನೆತ್ತಿಗೆ ಬಂದಾಗ’, ‘ದೀಪ ಹಚ್ಚುವ ವೇಳೆಗೆ’ ಎಂದರೆ ಸಾಕಾಗಿತ್ತು. ಕನ್ನಡದಲ್ಲಿ ‘ಹೊತ್ತು’ ಎಂಬ ಒಂದೇ ಮಾತು ಸೂರ್ಯನನ್ನೂ ಹೇಳುತ್ತದೆ, ಕಾಲವನ್ನೂ ಹೇಳುತ್ತದೆ. ಇನ್ನಷ್ಟು ನಿಷ್ಕರ್ಷೆ ಬೇಕಾದ ಮದುವೆ ಮುಂಜಿಗಳಲ್ಲಿ, ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಘಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು; ಅದು ತುಂಬಿ ಮುಳುಗಿದರೆ ಒಂದು ಘಳಿಗೆ, ಎಂದರೆ ೨೪ ನಿಮಿಷ. ಅಂಥ ಅರವತ್ತು ಘಳಿಗೆ ಸೇರಿ ಒಂದು ದಿನ. ಆ ದಿನ ಮೊದಲಾಗುವುದು ಸೂರ್ಯೋದಯದಿಂದ.

ಆದರೆ ಸೂರ್ಯನು ಎಲ್ಲ ಊರಿಗೂ ಒಂದೇ ಕ್ಷಣದಲ್ಲಿ ನೆತ್ತಿಗೆ ಬರುವುದಿಲ್ಲ. ಪಡುವಣಕ್ಕೆ ಒಂದು ರೇಖಾಂಶ ಸರಿದರೆ ಮಧ್ಯಾಹ್ನ ನಾಲ್ಕು ನಿಮಿಷ ತಡವಾಗುತ್ತದೆ. ನಮ್ಮ ಜ್ಯೋತಿಷಿಗಳು ಇದನ್ನು ಬಲ್ಲವರಾಗಿದ್ದರು. ಉಜ್ಜಯಿನಿಯ ಮೂಲಕ ತೆಂಕಣ ಲಂಕೆಯವರೆಗೆ ಎಳೆದ ಒಂದು ರೇಖೆಯನ್ನು ಆಧಾರವಾಗಿಟ್ಟುಕೊಂಡು, ತಮ್ಮ ಊರು ಅದಕ್ಕೆ ಮೂಡಲೋ ಪಡುವಲೋ, ಎಷ್ಟು ದೂರ ಎಂದು ಗುಣಿಸಿ ತಿದ್ದುಪಡಿ ಮಾಡುತ್ತಿದ್ದರು. ಇದಕ್ಕೆ ದೇಶಾಂತರ ಸಂಸ್ಕಾರವೆಂದು ಹೆಸರು. ಉಜ್ಜಯಿನಿಯ ನೇರದಲ್ಲಿ ತೆಂಕಕ್ಕೆ ಇಳಿದು ಬಂದರೆ ನಮ್ಮ ಚಿಕ್ಕಮಗಳೂರು ಸಿಕ್ಕುತ್ತದೆ. ಅಲ್ಲಿಂದ ಸುಮಾರು ಒಂದು ಅಂಶದಷ್ಟು ಮೂಡಲಿಗಿರುವ ನಂಜನಗೂಡಿಗೆ ತಿದ್ದುಪಡಿ ಸುಮಾರು ಒಂಬತ್ತು ವಿಘಳಿಗೆ, ಎಂದರೆ ಮೂರೂವರೆ ನಿಮಿಷಕ್ಕೆ ತುಸು ಹೆಚ್ಚು. ‘ದೇಶಾಂತರ’ ಎಂಬ ಮಾತಿಗೆ ಪರದೇಶವೆಂಬ ಅರ್ಥವನ್ನಷ್ಟೇ ನಾವೀಗ ಉಳಿಸಿಕೊಂಡಿದ್ದೇವೆ. ಊರಿಂದ ಊರಿಗೆ ಕಾಲ ಬದಲಾಗುವ ಲೆಕ್ಕವೂ ಅದೇ ಹೆಸರಿನಲ್ಲಿ ಇತ್ತೆಂಬುದು ಮರೆತುಹೋಗಿದೆ.

ಈ ಮರವೆಗೆ ಕಾರಣವಾದದ್ದು ಹೊಗೆಬಂಡಿ. ಊರಿಗೊಂದು ಮಧ್ಯಾಹ್ನವಿದ್ದರೆ ಬಂಡಿಯ ವೇಳಾಪಟ್ಟಿಯನ್ನು ಬರೆಯುವುದು ಹೇಗೆ? ಮುಂಬಯಿಯ ಕಾಲಕ್ಕೂ ಕಲ್ಕತ್ತೆಯ ಕಾಲಕ್ಕೂ ಒಂದು ಗಂಟೆಗಿಂತ ಹೆಚ್ಚು ಅಂತರವಿತ್ತು. ಎರಡಕ್ಕೂ ನಡುವಿನದೆಂದು ಮದರಾಸಿನ ವೇಧಶಾಲೆಯ ಕಾಲವನ್ನು ಹತ್ತೊಂಬತ್ತನೆಯ ಶತಮಾನದ ರೈಲುಗಳು ಆರಿಸಿಕೊಂಡವು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು ೧೮೯೧ರಲ್ಲಿ. ನಂಜನಗೂಡಿನಲ್ಲಿ ಹೊತ್ತು ನೆತ್ತಿಗೆ ಬಂದಾಗ ಮದರಾಸಿನ ಕಾಲದಲ್ಲಿ ಸರಾಸರಿ ೧೨ ಗಂಟೆ ೧೪ ನಿಮಿಷವಾಗಿರುತ್ತಿತ್ತು. ದೇವಸ್ಥಾನದ ಮಧ್ಯಾಹ್ನ ಬೇರೆ, ರೈಲಿನ ಮಧ್ಯಾಹ್ನ ಬೇರೆ!

ಅಷ್ಟರಲ್ಲಿಯೇ ೧೮೮೪ರ ಅಕ್ಟೋಬರಿನಲ್ಲಿ ವಾಷಿಂಗ್‌ಟನ್ನಿನಲ್ಲಿ ಇಪ್ಪತ್ತೈದು ರಾಷ್ಟ್ರಗಳ ಪ್ರತಿನಿಧಿಗಳು ಸೇರಿ, ಇಂಗ್ಲೆಂಡಿನ ಗ್ರೀನಿಚ್ಚಿನ ರೇಖೆಯನ್ನು ಜಗತ್ತಿನ ಆದಿರೇಖೆಯನ್ನಾಗಿ ಒಪ್ಪಿದ್ದರು. ಅದರಿಂದ ಮೂಡಲಿಗೆ ಎಂಬತ್ತೆರಡೂವರೆ ಅಂಶದ ರೇಖೆಯನ್ನು ಹಿಡಿದು, ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಕಾಲವು ೧೯೦೬ರ ಜನವರಿ ೧ರಂದು ಜಾರಿಗೆ ಬಂದಿತು. ಕಲ್ಕತ್ತೆ ತನ್ನ ಕಾಲವನ್ನು ೧೯೪೮ರವರೆಗೂ, ಮುಂಬಯಿ ೧೯೫೫ರವರೆಗೂ ಬಿಡಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಿಂದ ೧೯೪೫ರವರೆಗೆ, ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಳ್ಳಿದ್ದೂ ಉಂಟು.

ಈ ಭಾರತೀಯ ಕಾಲದ ರೇಖೆ ಹಾದುಹೋಗುವುದು ಉತ್ತರಪ್ರದೇಶದ ಮಿರ್ಜಾಪುರದ ಬಳಿ. ನಮ್ಮ ಹೋಬಳಿಯ ಸೂರ್ಯ ಅದಕ್ಕಿಂತ ಸುಮಾರು ೨೩ ನಿಮಿಷ ಹಿಂದೆ. ಒಂದು ಘಳಿಗೆಗೆ ಒಂದೇ ನಿಮಿಷ ಕಡಿಮೆ. ಸೂರ್ಯನ ವಾರ್ಷಿಕ ಗತಿಭೇದವೂ ಸೇರಿ, ಇಲ್ಲಿಯ ನಿಜವಾದ ಮಧ್ಯಾಹ್ನ ಫೆಬ್ರವರಿಯ ನಡುವಿನಲ್ಲಿ ಸುಮಾರು ೧೨.೩೭ಕ್ಕೆ, ನವೆಂಬರಿನ ಮೊದಲಲ್ಲಿ ಸುಮಾರು ೧೨.೦೭ಕ್ಕೆ ಬರುತ್ತದೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ಅದರ ನೆರಳು ಅತ್ಯಂತ ಗಿಡ್ಡವಾಗುವ ಗಳಿಗೆಯನ್ನು ಗುರುತು ಮಾಡಿದರೆ ಯಾವ ವಿದ್ಯಾರ್ಥಿಯಾದರೂ ಇದನ್ನು ಕಣ್ಣಾರೆ ಕಾಣಬಹುದು. ಮೇಷ್ಟರಾಗಿದ್ದ ದಿನಗಳಲ್ಲಿ ನಾನು ಮಕ್ಕಳಿಂದ ಇದನ್ನು ಮಾಡಿಸುತ್ತಿದ್ದೆ. ನಾವು ದಿನವೂ ಮಿರ್ಜಾಪುರದ ಗಂಟೆಯಲ್ಲಿ ಶಾಲೆಗೆ ಬರುತ್ತಿದ್ದೇವೆಂದು ತಿಳಿದಾಗ ಅವರ ಮುಖದ ಮೇಲೆ ಮೂಡುತ್ತಿದ್ದ ಆಶ್ಚರ್ಯ ನೋಡತಕ್ಕದ್ದಾಗಿತ್ತು.

ಇರಲಿ. ಈಗ ಕಡಲಾಚೆಯ ಲೆಕ್ಕಕ್ಕೆ ಬರೋಣ. ದುಬಾಯಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಸಿಂಗಪುರ ಎರಡೂವರೆ ಗಂಟೆ ಮುಂದೆ. ನೆರೆಯ ನೇಪಾಳ ಕಾಲು ಗಂಟೆ ಮುಂದೆ. ಇವು ವರ್ಷವಿಡೀ ಸ್ಥಿರ. ಲಂಡನ್ನು ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಇದಕ್ಕೊಂದು ಸ್ವಾರಸ್ಯವಾದ ಉಪಾಯವಿದೆ: ಮುಳ್ಳಿನ ಗಡಿಯಾರವನ್ನು ತಲೆಕೆಳಗು ಮಾಡಿ ಹಿಡಿದು, ಅಂಕಿಗಳನ್ನು ಮರೆತು ಮುಳ್ಳುಗಳನ್ನಷ್ಟೇ ಓದಿದರೆ ಲಂಡನ್ನಿನ ಕಾಲ ಕಾಣುತ್ತದೆ. ನಮ್ಮ ಹನ್ನೆರಡು ಗಂಟೆ ಅಲ್ಲಿಯ ಆರೂವರೆಯಾಗುತ್ತದೆ. ಆದರೆ ಮಾರ್ಚಿಯ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ಬ್ರಿಟನ್ನಿನವರು ಹಗಲ ಬೆಳಕನ್ನು ಉಳಿಸಲು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ಅಂತರ ನಾಲ್ಕೂವರೆ ಗಂಟೆ ಮಾತ್ರ. ಅಮೆರಿಕದ ಬಹುಭಾಗದಲ್ಲಿ ಈ ಪದ್ಧತಿ ೨೦೦೭ರಿಂದ ಮಾರ್ಚಿಯ ಎರಡನೆಯ ಭಾನುವಾರಕ್ಕೆ ಮೊದಲಾಗಿ ನವೆಂಬರಿನ ಮೊದಲ ಭಾನುವಾರಕ್ಕೆ ಮುಗಿಯುತ್ತದೆ. ಕ್ಯಾಲಿಫೋರ್ನಿಯ ಬೇಸಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ.

ಇಂಥಲ್ಲಿ ತಪ್ಪದಿರುವ ಮಾರ್ಗವೆಂದರೆ ಮೊದಲು ಗ್ರೀನಿಚ್ಚಿಗೆ ಹೋಗಿ ಅಲ್ಲಿಂದ ಊರಿಗೆ ಬರುವುದು. ಕೆಲಸಕ್ಕೆ ಅರ್ಜಿ ಹಾಕಿದ ವಿದ್ಯಾರ್ಥಿಗೆ ‘ಸ್ಯಾನ್‌ಫ್ರಾನ್ಸಿಸ್ಕೋದ ಬೆಳಿಗ್ಗೆ ಒಂಬತ್ತಕ್ಕೆ ಸಂದರ್ಶನ’ ಎಂದು ಪತ್ರ ಬಂದಿದೆಯೆನ್ನೋಣ. ಜುಲೈ ತಿಂಗಳಾದರೆ ಏಳು ಗಂಟೆ ಕೂಡಿಸಬೇಕು: ಗ್ರೀನಿಚ್ಚಿನಲ್ಲಿ ಸಂಜೆ ನಾಲ್ಕು. ಐದೂವರೆ ಕೂಡಿಸಬೇಕು: ಇಲ್ಲಿ ರಾತ್ರಿ ಒಂಬತ್ತೂವರೆ. ಜನವರಿಯಾದರೆ ಮೊದಲು ಎಂಟು ಗಂಟೆ ಕೂಡಿಸಬೇಕು. ಆಗ ಇಲ್ಲಿ ರಾತ್ರಿ ಹತ್ತೂವರೆ. ವಿಮಾನದ ಚೀಟಿಯಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ಮುಟ್ಟುವ ವೇಳೆ ಮುಟ್ಟುವ ಊರಿನದು. ಬೆಂಗಳೂರಿನಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟ ವಿಮಾನ ದುಬಾಯಿಯನ್ನು ಆರೂವರೆಗೆ ಮುಟ್ಟಿದರೆ, ಪಯಣಕ್ಕೆ ಹಿಡಿದದ್ದು ಎರಡೂವರೆ ಗಂಟೆಯಲ್ಲ, ನಾಲ್ಕು.

ಗಂಟೆಯ ಲೆಕ್ಕ ಇಷ್ಟೇ. ಎಣಿಸಲು ಬಲ್ಲವರು ಎಣಿಸಿಯಾರು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕು ದಿನದ ಲೆಕ್ಕದಲ್ಲಿದೆ. ಚೀಟಿಯ ದಿನ ನಡುರಾತ್ರಿಗೆ ಹುಟ್ಟುತ್ತದೆ. ನಮ್ಮ ಪಂಚಾಂಗದ ದಿನ ಸೂರ್ಯೋದಯಕ್ಕೆ. ಸೋಮವಾರ ರಾತ್ರಿ ಎರಡು ಗಂಟೆಯೆಂದು ಹಳ್ಳಿಯವರು ಹೇಳುವ ಹೊತ್ತು ಚೀಟಿಯ ಪ್ರಕಾರ ಮಂಗಳವಾರ. ಹದಿನೈದನೆಯ ತಾರೀಖಿನ ರಾತ್ರಿ ೧೨.೪೦ರ ವಿಮಾನಕ್ಕೆ ಹದಿನಾಲ್ಕರ ಮಧ್ಯಾಹ್ನ ಊಟ ಮುಗಿಸಿ ನಂಜನಗೂಡನ್ನು ಬಿಡಬೇಕು. ಹದಿನೈದರ ಸಂಜೆ ಹೊರಟವರಿಗೆ ಸಿಕ್ಕುವುದು ಖಾಲಿ ಆಕಾಶ.

ಇದು ಬರಿಯ ಹಣದ ನಷ್ಟದಲ್ಲಿ ಮುಗಿಯದ ಒಂದು ಸಂದರ್ಭವನ್ನು ನಾನು ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ, ಒಂದು ಜನವರಿಯ ಶನಿವಾರ, ನಮ್ಮ ಹೋಬಳಿಯ ಹಿರಿಯರೊಬ್ಬರು ನಡುರಾತ್ರಿಗೆ ತುಸು ಮುಂಚೆ ತೀರಿಕೊಂಡರು. ಹಿರಿಯ ಮಗ, ನನ್ನ ಹಳೆಯ ಶಿಷ್ಯ, ಕ್ಯಾಲಿಫೋರ್ನಿಯದಲ್ಲಿದ್ದ. ಹನ್ನೆರಡೂವರೆಗೆ ಕಿರಿಯವನು ಸಂದೇಶ ಕಳಿಸಿದ: ‘ಅಪ್ಪ ಹೋಗ್ಬುಟ್ರು ಕಣಣ್ಣ. ನಾಳೆ ಬೆಳಿಗ್ಗೆ ಹತ್ತಕ್ಕೆ ಮಣ್ಣು. ಫೋನಲ್ಲಿ ತೋರಿಸ್ತೀನಿ.’ ಅಲ್ಲಿ ಆಗ ಶನಿವಾರ ಬೆಳಿಗ್ಗೆ ಹನ್ನೊಂದು. ಅವನು ಹದಿಮೂರೂವರೆ ಗಂಟೆ ಕೂಡಿಸಿದ. ಊರಿನಲ್ಲಿ ಭಾನುವಾರ ಹುಟ್ಟಿ ಅರ್ಧ ಗಂಟೆಯಾಗಿದೆ, ಆದ್ದರಿಂದ ‘ನಾಳೆ’ಯೆಂದರೆ ಸೋಮವಾರ, ದೂರದ ನಂಟರಿಗಾಗಿ ಒಂದು ದಿನ ಕಾಯುತ್ತಾರೆ ಎಂದುಕೊಂಡ. ಹಿಂದಿನ ಇರುಳೆಲ್ಲ ದುಡಿದು ಬಂದಿದ್ದವನು, ಅತ್ತು ಅತ್ತು, ಕೊನೆಗೆ ಫೋನಿನ ಸದ್ದಡಗಿಸಿ ಸಂಜೆ ಮಲಗಿಬಿಟ್ಟ. ಇಲ್ಲಿ ತಮ್ಮನಿಗೋ ಇನ್ನೂ ಬೆಳಕು ಹರಿದಿರಲಿಲ್ಲ. ಅವನ ‘ನಾಳೆ’ ಕಣ್ಣೆದುರಿಗಿದ್ದ ಭಾನುವಾರದ ಬೆಳಗು. ಆ ಅಂಗಳದಲ್ಲಿ ನಾನಿದ್ದೆ. ಕರೆಯ ಮೇಲೆ ಕರೆ ಹೋಯಿತು. ಹತ್ತು ಗಂಟೆ ಹತ್ತೂವರೆಯಾಯಿತು, ಹನ್ನೊಂದಾಯಿತು, ಬಿಸಿಲೇರಿತು, ಹಿರಿಯರು ‘ಇನ್ನು ಕಾಯಬಾರದು’ ಎಂದರು.

ಮರುದಿನ ಅವನು ನನ್ನೊಡನೆ ಮಾತನಾಡಿದ. ‘ಮೇಷ್ಟ್ರೇ, ಲೆಕ್ಕ ಸರಿಯಾಗೇ ಹಾಕಿದ್ದೆ’ ಎಂದನಷ್ಟೆ. ಮುಂದಕ್ಕೆ ಮಾತು ಬರಲಿಲ್ಲ. ಅವನೆಂದದ್ದು ನಿಜ. ಕೂಡಿಸಿದ್ದರಲ್ಲಿ ಒಂದು ನಿಮಿಷವೂ ತಪ್ಪಿರಲಿಲ್ಲ. ತಮ್ಮನಾಡಿದ ಮಾತೂ ನಮ್ಮ ಸೀಮೆಯ ರೂಢಿಗೆ ಸರಿಯಾಗಿಯೇ ಇತ್ತು. ಇಬ್ಬರ ದಿನಗಳು ಬೇರೆ ಬೇರೆ ಬಾಗಿಲಿನಿಂದ ಒಳಗೆ ಬಂದವು.

ಇಂದು ಕೈಫೋನು ಜಗತ್ತಿನ ಯಾವ ಊರಿನ ಕಾಲವನ್ನಾದರೂ ಕ್ಷಣದಲ್ಲಿ ತೋರಿಸುತ್ತದೆ, ಬೇಸಗೆಯ ಒಂದು ಗಂಟೆಯನ್ನೂ ತಾನೇ ಕೂಡಿಸಿಕೊಳ್ಳುತ್ತದೆ. ಆದರೆ ‘ನಾಳೆ’, ‘ಇವತ್ತು ರಾತ್ರಿ’, ‘ಬೆಳಗಿನ ಜಾವ’ ಎಂಬ ಮಾತುಗಳನ್ನು ಆಡಿದವರ ಮನಸ್ಸಿನಲ್ಲಿ ಯಾವ ದಿನವಿತ್ತೆಂಬುದನ್ನು ಅದು ಹೇಳಲಾರದು. ಹೇಳುವವರೇ ಹೇಳಬೇಕು. ಆದ್ದರಿಂದ ದೂರದಲ್ಲಿರುವವರಿಗೆ ವೇಳೆಯನ್ನು ತಿಳಿಸುವಾಗ ವಾರ, ತಾರೀಖು, ಊರು, ಗಂಟೆ ಈ ನಾಲ್ಕನ್ನೂ ಬರೆಯುವುದು ಲೇಸು: ‘ಭಾನುವಾರ, ಇಂಥ ತಾರೀಖು, ಊರಿನ ಬೆಳಿಗ್ಗೆ ಹತ್ತು, ನಿಮಗೆ ಶನಿವಾರ ರಾತ್ರಿ ಎಂಟೂವರೆ.’ ಹತ್ತು ಮಾತು ಹೆಚ್ಚಾದೀತು, ಆಗಲಿ.

ಇದೇನೂ ನಮಗೆ ಹೊಸ ಪಾಠವಲ್ಲ. ಕಪಿಲೆಯ ದಡದಲ್ಲಿ ನಿಂತು ಸಂಕಲ್ಪ ಹೇಳುವ ಪುರೋಹಿತರು ಸಂವತ್ಸರ, ಮಾಸ, ತಿಥಿ, ವಾರಗಳನ್ನು ಎಣಿಸುವಾಗ ಯಾವ ವರ್ಷ, ಯಾವ ಖಂಡ, ಯಾವ ನದಿಯ ಯಾವ ತೀರ ಎಂಬುದನ್ನು ಮೊದಲೇ ಹೇಳಿರುತ್ತಾರೆ. ನೆಲವನ್ನು ಹೆಸರಿಸದೆ ಹೊತ್ತನ್ನು ಹೆಸರಿಸುವ ವಾಡಿಕೆ ಅಲ್ಲಿಲ್ಲ. ಓದು ಬರಹ ಕಾಣದ ನಮ್ಮ ಹಿರಿಯರೂ ‘ದೇಶಕಾಲ ನೋಡಿ ಮಾತಾಡು’ ಎಂದು ಬುದ್ಧಿ ಹೇಳುತ್ತಿದ್ದರು. ದೇಶವನ್ನೂ ಕಾಲವನ್ನೂ ಒಂದೇ ಪದವಾಗಿ ಹೊಲಿದಿಟ್ಟವರ ಮಕ್ಕಳು ನಾವು. ಮಕ್ಕಳು ಮರಿ ಜಗತ್ತಿನ ನಾಲ್ಕು ದಿಕ್ಕಿಗೆ ಹಂಚಿಹೋಗಿರುವ ಈ ದಿನಗಳಲ್ಲಿ ಆ ಹೊಲಿಗೆಯನ್ನು ಬಿಚ್ಚದಿರುವುದು ವಿವೇಕ.